ಪದಚರ್ಚೆ: ಕುದುರೆಯ ಕರುಳಲ್ಲಿ ಮರಳು ಕೂತರೆ ಏನನ್ನೋಣ?

ಗೆಳೆಯರೇ,

ಕುದುರೆ ಸಾಕುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಸ್ಯಾಂಡ್ ಕಾಲಿಕ್’ (ಮರಳು ಹೊಟ್ಟೆಗೆ ಹೋಗಿ ಬರುವ ಹೊಟ್ಟೆನೋವು), ‘ಇಂಪ್ಯಾಕ್ಷನ್’ (ಕರುಳು ಕಟ್ಟಿಕೊಳ್ಳುವುದು) ಎರಡಕ್ಕೂ ಕನ್ನಡದ ಪದ ಬೇಕಾಗಿದೆ.

ಮೊದಲನೆಯದಕ್ಕೆ ‘ಮರಳು ಶೂಲೆ’ ಅಂತ ಬರೆದೆ. ಓದಿದವರೊಬ್ಬರು, “ಮತ್ತೆ ಮತ್ತೆ ಮರಳಿ ಬರುವ ಶೂಲೆಯಾ?” ಅಂದರು. ಮೇವನ್ನು ಮರಳಿನ ಮೇಲೇ ಸುರಿಯುತ್ತಿದ್ದರೆ ಅದು ಮರಳಿ ಬರುವುದೂ ನಿಜವೇ! ‘ಉಸುಕು ಶೂಲೆ’ ಅಂದರೆ ಈ ಗೊಂದಲವಿಲ್ಲ.

ಎರಡನೆಯದೇ ಕಷ್ಟ. ತಟ್ಟನೆ ಹೊಳೆಯುವುದು ‘ಮಲಬದ್ಧತೆ’. ಇಲ್ಲಿ ಅದು ದಾರಿ ತಪ್ಪಿಸುತ್ತದೆ. ಹುಲ್ಲು ಕಮ್ಮಿಯಿರುವ ಬೋಳು ನೆಲದಲ್ಲಿ ಮೇಯುವಾಗ ಬಾಯಿಗೆ ಮರಳೂ ಹೋಗುತ್ತದೆ. ಭಾರ ಜಾಸ್ತಿಯಾದ್ದರಿಂದ ದೊಡ್ಡ ಕರುಳಿನ ತಳದಲ್ಲಿ ಕೂರುತ್ತದೆ. ಒಳಪದರಕ್ಕೆ ಉಜ್ಜಿ ಉಜ್ಜಿ ಕರುಳು ಕೆರಳುತ್ತದೆ. ಎಷ್ಟೋ ಕುದುರೆಗಳಲ್ಲಿ ಮೊದಲು ಕಾಣುವುದು ಭೇದಿ. ಲದ್ದಿ ನೀರಾಗಿ ಹೋಗುತ್ತಿರುವಾಗ ‘ಮಲಬದ್ಧತೆ’ ಅಂತ ಓದಿದವರು ‘ನಮ್ಮದಕ್ಕೆ ಇದಲ್ಲ ಬಿಡು’ ಅಂದುಕೊಳ್ಳುತ್ತಾರೆ, ಅಲ್ವಾ? ಪೂರ್ತಿ ಕಟ್ಟಿಕೊಂಡಾಗ ಮಾತ್ರ ಯಾರಿಗೂ ಅನುಮಾನವಿರುವುದಿಲ್ಲ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ಪಕ್ಕೆ ನೋಡಿಕೊಳ್ಳುತ್ತದೆ, ಬಿದ್ದು ಹೊರಳುತ್ತದೆ.

ನನಗೆ ಒಪ್ಪಿಗೆಯಾದ ಪದ ‘ಹೂಳು’. ಕೆರೆಗೆ ಹೂಳು ತುಂಬಿದರೂ ಮೇಲೆ ನೀರು ಹರಿಯುತ್ತಲೇ ಇರುತ್ತದಲ್ಲ, ಹಾಗೆ. ‘ಕರುಳಲ್ಲಿ ಹೂಳು ಕೂತಿದೆ’ ಅಂದರೆ ಭೇದಿಯ ಹಂತ. ‘ಹೂಳಿಂದ ಕರುಳು ಕಟ್ಟಿದೆ’ ಅಂದರೆ ಇಂಪ್ಯಾಕ್ಷನ್. ಚಿಕಿತ್ಸೆಗೂ ‘ಹೂಳೆತ್ತುವುದು’ ಅಂತ ಕ್ರಿಯಾಪದ ಸಿದ್ಧವಾಗಿಯೇ ಇದೆ. ದೇಹತೂಕದ ಪ್ರತಿ ಕಿಲೋಗೆ 1 ಗ್ರಾಂ ಇಸಬ್‌ಗೋಲ್, ಜೊತೆಗೆ ಅಷ್ಟೇ ಎಪ್ಸಮ್ ಉಪ್ಪು. ಇದನ್ನು ಪಶುವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ಕೊಳವೆಯಲ್ಲಿ ದಿನಕ್ಕೊಮ್ಮೆ ಕೊಡುತ್ತಾರೆ. ಬರೀ ಇಸಬ್‌ಗೋಲಿಗಿಂತ ಈ ಜೋಡಿ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನೊಂದು ಸಣ್ಣ ಪದ. ಹೊಟ್ಟೆಯಡಿ, ಎದೆಮೂಳೆಯ ಹಿಂದೆ ಸ್ಟೆತಸ್ಕೋಪ್ ಇಟ್ಟರೆ ಕರುಳು ಅಲುಗಿದಾಗಲೆಲ್ಲ ಮರಳಿನ ಸದ್ದು ಕೇಳುತ್ತದೆ. ಕಡಲ ಅಲೆಯ ಹಾಗೆ ಅನ್ನುತ್ತಾರೆ. ‘ಮೊರೆತ’ ತೀರಾ ದೊಡ್ಡದಾಯಿತು. ‘ಸರಪರ’ ಕೇಳಿದರೆ ಒಣ ಎಲೆ ನೆನಪಾಗುತ್ತದೆ. ನಿಮಗೇನು ಹೊಳೆಯುತ್ತದೆ?

‘ಹೂಳು’ ಬಗ್ಗೆ ನನಗೆ ಒಂದೇ ಅಳುಕು. ‘ಹೂಳು’ ಅಂದರೆ ಮಣ್ಣು ಮಾಡು ಅಂತಲೂ ಇದೆ. ಕಾಯಿಲೆ ಬಿದ್ದ ಕುದುರೆಯ ಪುಟದಲ್ಲಿ ಅದು ಅಪಶಕುನ ಅನ್ನಿಸುತ್ತದಾ, ಇಲ್ಲ ಸುಮ್ನೆ ನಾನೇ ತಲೆ ಕೆಡಿಸಿಕೊಂಡಿದ್ದೇನಾ?