ಹಳೇ ಕಾದಂಬರಿಗೆ ಬೂಷ್ಟು ಹಿಡಿದಿದೆ, ಜೊತೆಗೆ 16 ಪುಟ ನಾಪತ್ತೆ. ಎಂತ ಮಾಡೋದು?

ತೋಟದಮನೆ:
ನಮ್ಮದು ಕೊಡಗಿನ ನಾಪೋಕ್ಲು ಹತ್ರ. ಬೇಸಿಗೆಲಿ ಬೆಂಗಳೂರಿಗೆ ಹೋದಾಗ ಅವೆನ್ಯೂ ರೋಡಲ್ಲಿ ಹಳೇ ಪುಸ್ತಕದ ರಾಶಿಯಿಂದ ಒಂದು ದಪ್ಪ ಕಾದಂಬರಿ ತಂದೆ, 60 ರೂಪಾಯಿ. ಹೆಸರು ಹೇಳಲ್ಲ, ಹೇಳಿದ್ರೆ ಯಾರಾದ್ರೂ ಕೊನೆ ಹೇಳಿಬಿಡ್ತೀರಿ. ದೊಡ್ಡ ಸಾಹೇಬ ಆಗ್ಬೇಕು ಅಂತ ಊರು ಬಿಟ್ಟ ಹುಡುಗ, ಯಾವ ಗದ್ದೆ ಏರಿ ಯಾರು ಕಟ್ಟಿದ್ದು ಅಂತ ಎಲ್ಲ ನೆನಪಿಟ್ಕೊಂಡಿರೋ ಅಜ್ಜಿ, ಇಬ್ಬರ ನಡುವೆ ಆ ಜಾಗ. 176ನೇ ಪುಟದಲ್ಲಿ ಹುಡುಗ ಛಾಪಾ ಕಾಗದದ ಮುಂದೆ ಪೆನ್ನು ಹಿಡ್ಕೊಂಡು ಕೂತಿದ್ದಾನೆ, ಅದರ ಎದುರಿನ ಪುಟ ನೋಡಿದ್ರೆ 193, ಗದ್ದೆಗೆ ಬೇರೆ ಯಾರದೋ ಬೇಲಿ ಬಿದ್ದಿದೆ! ಸೈನ್ ಹಾಕಿದ್ದು ಅವನಾ, ಅಜ್ಜಿಯಾ?

ಇನ್ನೊಂದು ಕಷ್ಟ ಅಂದ್ರೆ ಈ ಕಕ್ಕಡ (ಆಟಿ) ತಿಂಗಳ ಮಳೆಗೆ ಹದಿನೈದು ದಿನ ಬಿಸಿಲೇ ಇಲ್ಲ, ರಟ್ಟಿನ ಮೇಲೆ ಬಿಳಿ-ಹಸಿರು ಬೂಷ್ಟು, ಒಳಗೂ ಅಲ್ಲಲ್ಲಿ ಉಂಟು, ಒದ್ದೆ ಬಟ್ಟೆಲಿ ಒಂದು ಪುಟ ಒರೆಸಿದೆ, ಕಲೆ ಇನ್ನೂ ಹರಡಿತು. ಅಮ್ಮ ಒಲೆ ಮೇಲಿನ ಅಟ್ಟದಲ್ಲಿ ಇಡು ಅಂತಾರೆ.

ಕುಶಾಲನಗರದವ:
ನಮ್ಮ ಕಡೆ ಬಿಸಿಲುಂಟು, ಕಳಿಸಿ ಒಣಗಿಸಿ ಕೊಡ್ತೇನೆ 😄 ನುಸಿಗುಳಿಗೆ ಹಾಕಿಡಿ ಸಾಕು.

ಅಚ್ಚುಮೊಳೆ:
ನುಸಿಗುಳಿಗೆ ಬೂಷ್ಟಿಗೆ ಏನೂ ಮಾಡಲ್ಲ, ವಾಸನೆ ಮೇಲೆ ವಾಸನೆ ಅಷ್ಟೆ. ಒರೆಸೋದು ಮೊದಲು ನಿಲ್ಲಿಸಿ ಮಾರಾಯ್ರೆ. ಗಾಳಿಲಿ ತೇವ 65 ಪರ್ಸೆಂಟ್ ದಾಟಿದ್ರೇ ಬೂಷ್ಟು ಬೆಳೆಯುತ್ತೆ, ನೀವು ಮೇಲಿಂದ ನೀರೂ ಕೊಟ್ರಿ. ಅಟ್ಟ ಬೇಡ, ಹೊಗೆ ಮಸಿ ಕೂರುತ್ತೆ, ಹಳೇ ಕಾಗದ ಬಿಸಿಗೆ ಹಪ್ಪಳ ಆಗುತ್ತೆ. ಒಣಗಿದ ಮೇಲೇ ಕೈ ಹಾಕ್ಬೇಕು. ಫ್ಯಾನ್ ಎದುರು ಪುಸ್ತಕ ನಿಲ್ಸಿ, ಹಾಳೆ ಬೀಸಣಿಗೆ ತರ ಬಿಡಿಸಿಡಿ, ಆಮೇಲೆ ಜಗಲಿಗೆ ತಂದು ಮಾಸ್ಕ್ ಹಾಕ್ಕೊಂಡು ಮೆತ್ತಗಿನ ಪೇಂಟಿಂಗ್ ಬ್ರಷ್ಷಲ್ಲಿ ಹೊರಗಡೆಗೆ ಗುಡಿಸಿ.

ಪುಟ ಕಳೆದಿಲ್ಲ ಅನ್ಸುತ್ತೆ. ಪ್ರೆಸ್ಸಲ್ಲಿ ಕೆಲಸ ಮಾಡಿದವ ನಾನು. ಒಂದು ಫಾರಂ ಅಂದ್ರೆ ಒಟ್ಟಿಗೆ ಅಚ್ಚಾಗಿ ಮಡಚಿ ಹೊಲಿಯೋ 16 ಪುಟದ ಕಟ್ಟು, 11 ಫಾರಂ ಮುಗಿಯೋದು 176ಕ್ಕೆ ಸರಿಯಾಗಿ. ನಿಮ್ಮಲ್ಲಿ ಇಲ್ದಿರೋದು ಇಡೀ 12ನೇ ಫಾರಂ. ಯಾರೋ ಹರಿದಿದ್ರೆ ಇಷ್ಟು ಲೆಕ್ಕವಾಗಿ ಹರಿಯಲ್ಲ. ಒಂದೋ 12ನೇದು ಸೇರಿಸೋದೇ ಬಿಟ್ಟಿರ್ತಾರೆ, ಇಲ್ಲ 12 ಬೇರೆಲ್ಲೋ ಹೊಲಿದಿರ್ತಾರೆ. ಹಳೇ ಪುಸ್ತಕದಲ್ಲಿ ಪ್ರತಿ ಫಾರಂನ ಮೊದಲ ಪುಟದ ಕೆಳಗೆ ಮೂಲೇಲಿ ಸಣ್ಣ ಅಂಕಿ ಇರುತ್ತೆ, ಅದನ್ನೇ ನೋಡ್ತಾ ಹೋಗಿ. ಸಿಗದಿದ್ರೆ ಮಡಿಕೇರಿ ಜಿಲ್ಲಾ ಗ್ರಂಥಾಲಯದಲ್ಲಿ ಪ್ರತಿ ಇದ್ಯಾ ಕೇಳಿ, 16 ಪುಟ ಜೆರಾಕ್ಸ್ ಅಷ್ಟೆ.

ತೋಟದಮನೆ:
ಫ್ಯಾನ್ ಅಂದ್ರಲ್ಲ, ಇಲ್ಲಿ ಕರೆಂಟು ಹೋಗಿ ಮೂರು ದಿನ, ಟವರ್ ಸಿಗೋ ದಿಬ್ಬ ಹತ್ತಿ ಟೈಪ್ ಮಾಡ್ತಿದ್ದೇನೆ.

ಅಚ್ಚುಮೊಳೆ:
ಹಾಗಾದ್ರೆ ಟ್ರಂಕು. ತೇವ ಹೀರೋ ಹರಳು, ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಕಾಲು ಕೆಜಿ ಬಟ್ಟೇಲಿ ಕಟ್ಟಿ ಪುಸ್ತಕದ ಜೊತೆ ಇಟ್ಟು ಬಿಗಿಯಾಗಿ ಮುಚ್ಚಿ. ಹಸಿರಾದ್ರೆ ನೀರು ಕುಡಿದು ಸಾಕಾಯ್ತು ಅಂತ, ಸಣ್ಣ ಉರಿಲಿ ಬಿಸಿ ಮಾಡಿದ್ರೆ ಮತ್ತೆ ಕಿತ್ತಳೆ. ಅಡುಗೆ ಬಾಣಲೆ ಬೇಡ.

ತೋಟದಮನೆ (ಒಂಬತ್ತು ದಿನ ಆದ್ಮೇಲೆ):
ಸಿಕ್ತು!! 304 ಆದ್ಮೇಲೆ 177 ಹೊಲಿದುಬಿಟ್ಟಿದ್ದಾರೆ. ತಮಾಷೆ ಕೇಳಿ, 176ರ ಅಂಚಿಂದ ಬೂಷ್ಟು ಬ್ರಷ್ಷಲ್ಲಿ ಉದುರಿಸಿದ್ರೆ ಅಡಿಲಿ ಪೆನ್ಸಿಲಲ್ಲಿ ಸಣ್ಣಕ್ಕೆ ‘304 ಆದಮೇಲೆ ನೋಡು’ ಅಂತ ಯಾರೋ ಬರೆದಿದ್ದಾರೆ, ನಾನು ಒದ್ದೆ ಬಟ್ಟೆ ಹಾಕಿದ್ದು ಅದರ ಎದುರಿನ ಪುಟಕ್ಕೆ, ಸ್ವಲ್ಪದರಲ್ಲಿ ತಪ್ಪಿತು. ಸೈನ್ ಯಾರು ಹಾಕಿದ್ರು ಹೇಳಲ್ಲ, ರಾತ್ರಿ ನಿದ್ದೆ ಬರ್ಲಿಲ್ಲ. ಬಿಚ್ಚಿ ಸರಿಯಾಗಿ ಬೈಂಡ್ ಮಾಡಿಸ್ಲಾ?

ಅಚ್ಚುಮೊಳೆ:
ಈಗ ಬೇಡ. ಈ ಥಂಡಿಗೆ ಮೈದಾ ಅಂಟು ಒಣಗಲ್ಲ, ಬೆಳ್ಳಿಹುಳಕ್ಕೆ ಊಟ ಆಗುತ್ತೆ. ಮಳೆಗಾಲ ಮುಗಿದು ಪುತ್ತರಿ (ಸುಗ್ಗಿ ಹಬ್ಬ) ಕಳೀಲಿ. ಪೆನ್ಸಿಲ್ ಬರಹ ಇರೋ ಅಂಚು ಕತ್ತರಿಸ್ಬೇಡಿ ಅಂತ ಬೈಂಡರಿಗೆ ಮೊದ್ಲೇ ಹೇಳಿ, ಅವರು ಮೂರೂ ಕಡೆ ಸವರಿಬಿಡ್ತಾರೆ.