ಮಾಲ್ ಕಟ್ಟಡ ನೋಡಲು ಹೋದರೆ ಎಲ್ಲಿಂದ ಶುರು ಮಾಡಬೇಕು?

ಹೊಸನೋಟ: ಖರೀದಿಗಲ್ಲ, ಕಟ್ಟಡವನ್ನೂ ಅದು ಊರಿನ ಜೊತೆ ಬೆರೆಯುವ ಬಗೆಯನ್ನೂ ನೋಡಲು ಒಂದು ದೊಡ್ಡ ಮಾಲ್‌ಗೆ ಹೋಗಬೇಕು. ಇರುವುದು ಅರ್ಧ ದಿನ, ಜೊತೆಗೆ ಗಾಲಿಕುರ್ಚಿಯಲ್ಲಿ ಅಪ್ಪ. ಗೊತ್ತಿದ್ದವರು ಹೇಳಿ.

ಕಂಬಸಾಲು: ನೆಲಮಾಳಿಗೆಯ ಪಾರ್ಕಿಂಗ್‌ನಿಂದ, ಎರಡು ಮಾತಿಲ್ಲ. ಕಂಬದಿಂದ ಕಂಬಕ್ಕೆ ಅಳೆಯಿರಿ, ಹೆಚ್ಚಿನ ಕಡೆ 8ರಿಂದ 8.5 ಮೀಟರ್ ಬರುತ್ತದೆ: ತಲಾ 2.5 ಮೀಟರಿನ ಮೂರು ಕಾರು, ಜೊತೆಗೆ ಕಂಬದ ದಪ್ಪ. ಮೇಲಿನ ಅಂಗಡಿಗಳ ಅಗಲವೂ ಇದೇ ಲೆಕ್ಕಕ್ಕೆ ಬೀಳುತ್ತದೆ. ಸಿನಿಮಾ ಹಾಲ್‌ಗಳನ್ನು ತುದಿಯ ಮಹಡಿಗೆ ಹಾಕುವುದಕ್ಕೂ ಕಂಬವೇ ಒಂದು ಕಾರಣ; ಕಂಬವಿಲ್ಲದ ಹಾಲ್ ಮೇಲೆ ಇನ್ನೊಂದು ಮಹಡಿ ಹೊರಿಸಲು ಭಾರೀ ತೊಲೆ ಬೇಕು. ನೆಲಕ್ಕೆ ಅಡ್ಡಲಾಗಿ ಲೋಹದ ಪಟ್ಟಿ ಕಂಡರೆ ಅದು ಎಕ್ಸ್‌ಪಾನ್ಷನ್ ಜಾಯಿಂಟ್, ಅಂದರೆ ಕಟ್ಟಡ ಹಿಗ್ಗಿ ಕುಗ್ಗಲು ಬೇಕೆಂದೇ ಬಿಟ್ಟ ಸಂದು; ಕಟ್ಟಡ ಅಲ್ಲಿ ಎರಡಾಗಿದೆ. ಸೋರುವುದೂ ಅಲ್ಲೇ. ಬಕೆಟ್ ಇಟ್ಟಿದ್ದರೆ ತಲೆ ಎತ್ತಿ ನೋಡಿ.

ಹೊರಬೀದಿ: ನೆಲಮಾಳಿಗೆಯಲ್ಲಿ ಕಂಬ ಎಣಿಸುತ್ತ ಕೂತರೆ ಊರು ಎಲ್ಲಿಂದ ಕಾಣಬೇಕು ಸ್ವಾಮಿ? ಮೊದಲು ಹೊರಗೆ ಪೂರ್ತಿ ಒಂದು ಸುತ್ತು. ಪ್ರತಿ 100 ಮೀಟರಿಗೆ, ಅಂದರೆ ಸುಮಾರು 140 ಹೆಜ್ಜೆಗೆ, ಬೀದಿಗೆ ತೆರೆಯುವ ಬಾಗಿಲು ಎಷ್ಟು ಎಂದು ಬರೆದುಕೊಳ್ಳಿ. ಡೆನ್ಮಾರ್ಕಿನ ನಗರ ವಿನ್ಯಾಸಕ ಯಾನ್ ಗೇಲ್ ಅವರ ಅಳತೆಯಲ್ಲಿ 15ರಿಂದ 20 ಇದ್ದರೆ ಜೀವಂತ ಬೀದಿ, 2ರೊಳಗೆ ಬಂದರೆ ಸತ್ತ ಗೋಡೆ. ಲೋಡಿಂಗ್ ಬೇ (ಲಾರಿಯಿಂದ ಸರಕು ಇಳಿಸುವ ಜಾಗ), ಕಸದ ಕೋಣೆ, ಜನರೇಟರ್ ಹೊಗೆ ಯಾರ ಮನೆ ಕಡೆಗಿವೆ ಅದನ್ನೂ ಗುರುತಿಸಿ. ಇಟಲಿಯ ಮಿಲಾನಿನ ಗ್ಯಾಲೇರಿಯಾ, ಅಂದರೆ ಗಾಜಿನ ಸೂರಿನ ಅಂಗಡಿಸಾಲು, 19ನೇ ಶತಮಾನದಲ್ಲೇ ಎರಡು ಚೌಕಗಳನ್ನು ಜೋಡಿಸುವ ಬೀದಿಯಾಗಿತ್ತು. ಈಗಿನವರು ಬೀದಿಯನ್ನೇ ಒಳಗೆ ನುಂಗಿದ್ದಾರೆ.

ಗಾಜುಸೂರು: ಸಮಯ ಮುಖ್ಯ. ವಾರದ ನಡುವೆ, ಬಾಗಿಲು ತೆರೆದ ಮೊದಲ ಅರ್ಧ ಗಂಟೆ. ಮಧ್ಯಾಹ್ನ ಗಾಜಿನ ಸೂರು ಫೋಟೋದಲ್ಲಿ ಬರೀ ಬಿಳಿ. ಟ್ರೈಪಾಡ್ ತೆಗೆದರೆ ಸೆಕ್ಯುರಿಟಿಯವರು ಬಂದೇ ಬರುತ್ತಾರೆ. ಮುಂಚೆಯೇ ಆಡಳಿತ ಕಚೇರಿಯಿಂದ ಲಿಖಿತ ಅನುಮತಿ ಪಡೆಯಿರಿ, ಇಲ್ಲವೇ ಫೋನನ್ನು ಕಟಕಟೆಗೆ ಒತ್ತಿ ಹಿಡಿಯಿರಿ. ಹತ್ತುವ ಎಸ್ಕಲೇಟರ್ ಮುಗಿದಲ್ಲಿಂದ ಮುಂದಿನದಕ್ಕೆ ಎಷ್ಟು ಹೆಜ್ಜೆ ಎಣಿಸಿ. ಆ ದೂರ ಬೇಕೆಂದೇ ಇಟ್ಟದ್ದು, ಅಂಗಡಿಗಳ ಮುಂದೆ ನಡೆಸಲು.

ಕಂಬಸಾಲು: @ಹೊರಬೀದಿ, "ನುಂಗಿದ್ದಾರೆ" ಅನ್ನುವುದು ಸುಲಭ. 1956ರಲ್ಲಿ ತೆರೆದ ಅಮೆರಿಕದ ಸೌತ್‌ಡೇಲ್ ಮಾಲ್‌ನ ಯೋಜನೆಯಲ್ಲಿ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಸುತ್ತಲೂ ಮನೆ, ಶಾಲೆ, ಉದ್ಯಾನ ಹಾಕಿದ್ದರು. ಉಳಿದವರು ನಕಲು ಮಾಡಿದ್ದು ಪೆಟ್ಟಿಗೆ ಮತ್ತು ಪಾರ್ಕಿಂಗ್ ಮಾತ್ರ. 1978ರಲ್ಲಿ ಅವರೇ ಆ ಕೂಸು ತನ್ನದಲ್ಲ ಎಂದರು. ತಪ್ಪು ವಾಸ್ತುಶಿಲ್ಪಿಯದಲ್ಲ.

ಹೊರಬೀದಿ: ಹಾಗಾದರೆ ವಾಸ್ತುಶಿಲ್ಪಿ ಜಾನ್ ಜರ್ಡಿಯವರ ಹಾರ್ಟನ್ ಪ್ಲಾಜಾ ಮಾಲ್? 1985ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ನಡುವೆ ಬಂತು. ಒಳಗೆ ಓರೆ ಬೀದಿ, ಬಣ್ಣ, ತೆರೆದ ಆಕಾಶ, ಹೊರಬೀದಿಗೆ ಬೆನ್ನು. ಕೊನೆಗೆ ಮುಚ್ಚಿತು.

ಗಾಜುಸೂರು: ಬೆನ್ನು ಹಾಕಿದ್ದಕ್ಕೇ ಮುಚ್ಚಿತು ಎನ್ನಬೇಡಿ. ಬೀದಿಗೆ ಬಾಗಿಲಿದ್ದ ಎಷ್ಟೋ ದೊಡ್ಡ ಅಂಗಡಿಗಳೂ ಅದೇ ವರ್ಷಗಳಲ್ಲಿ ಮುಚ್ಚಿವೆ.

ಹೊಸನೋಟ: ಗಾಲಿಕುರ್ಚಿಯ ವಿಷಯ ಯಾರಾದರೂ...

ಇಳಿಜಾರು: ಇಷ್ಟು ಜಗಳದಲ್ಲಿ ಅದನ್ನೇ ಬಿಟ್ಟಿರಿ. ಮೊದಲು ಲಿಫ್ಟ್ ಹುಡುಕಿ. ಎಸ್ಕಲೇಟರ್ ಎದುರಿಗೇ ಇರುತ್ತದೆ, ಲಿಫ್ಟ್ ಬಹಳ ಕಡೆ ಶೌಚಾಲಯದ ಓಣಿಯಲ್ಲಿ. ಹೊರಗಿನ ರ‍್ಯಾಂಪ್ 1:12ಕ್ಕಿಂತ ಕಡಿದಾಗಿದ್ದರೆ ಕುರ್ಚಿ ತಳ್ಳುವುದು ಕಷ್ಟ: 60 ಸೆಂಟಿಮೀಟರ್ ಎತ್ತರಕ್ಕೆ ಕನಿಷ್ಠ 7.2 ಮೀಟರ್ ಉದ್ದ ಬೇಕು. ಬಸ್ ನಿಲ್ದಾಣದಿಂದ ಅಪ್ಪನವರ ಕುರ್ಚಿ ಒಂದೂ ಮೆಟ್ಟಿಲಿಲ್ಲದೆ ಯಾವ ಬಾಗಿಲಿಗೆ ತಲುಪುತ್ತದೋ ಅಲ್ಲಿಂದ ಶುರು ಮಾಡಿ.