ಮೈಮುಟ್ಟದೆ ನೋವು ತೆಗೆಯುತ್ತಾರಂತೆ: ಪರೀಕ್ಷಿಸುವುದು ಹೇಗೆ?

ಪ್ರಶ್ನೆ
ನನ್ನ ಅತ್ತೆಗೆ ಬಹಳ ಕಾಲದಿಂದ ಮಂಡಿನೋವು. ಈಗ ಒಬ್ಬರು ಬಂದು ಮಂಡಿಯ ಮೇಲೆ ಗೇಣು ಎತ್ತರದಲ್ಲಿ ಕೈಯಾಡಿಸುತ್ತಾರೆ. ದೇಹದಿಂದ ಹೊಮ್ಮುವ ಶಕ್ತಿ ತಮ್ಮ ಅಂಗೈಗೆ ತಿಳಿಯುತ್ತದೆ ಎನ್ನುತ್ತಾರೆ. ನೋವು ಇಳಿದಿದೆಯೆಂದು ಅತ್ತೆ ಮಾತ್ರೆ ನಿಲ್ಲಿಸಲು ಹೊರಟಿದ್ದಾರೆ. ನನ್ನ ಭಯವಿರುವುದು ಅಲ್ಲಿಯೇ. ಆ ವ್ಯಕ್ತಿಯನ್ನು ನೋಡಿದರೆ ಮೋಸಗಾರರೆನಿಸುವುದಿಲ್ಲ. ಏನು ಮಾಡಲಿ?

ಉತ್ತರ 1
ಅವರು ಪ್ರಾಮಾಣಿಕರೇ ಇರಬಹುದು. 1853ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ, ಪ್ರೇತಗಳು ತಿರುಗಿಸುತ್ತವೆ ಎನ್ನಲಾಗುತ್ತಿದ್ದ ಮೇಜುಗಳನ್ನು ಪರೀಕ್ಷಿಸಿದಾಗ, ಸುತ್ತ ಕುಳಿತವರೇ ತಮಗರಿವಿಲ್ಲದೆ ಅವನ್ನು ತಳ್ಳುತ್ತಿದ್ದುದು ಗೊತ್ತಾಯಿತು. ಹಾಗಾಗಿ ವ್ಯಕ್ತಿಯನ್ನು ಬಿಡಿ, ಹೇಳಿಕೆಯನ್ನು ಹಿಡಿಯಿರಿ.

ಇಲ್ಲಿ ಹೇಳಿಕೆಗಳು ಎರಡು: ಅಂಗೈಗೆ ಶಕ್ತಿ ತಿಳಿಯುತ್ತದೆ, ನೋವು ಇಳಿಯುತ್ತದೆ. ಮೊದಲನೆಯದನ್ನು ಎಮಿಲಿ ರೋಸಾ ಎಂಬ ಅಮೆರಿಕದ ಹುಡುಗಿ ಒಂಬತ್ತನೆಯ ವಯಸ್ಸಿನಲ್ಲಿಯೇ ಪರೀಕ್ಷಿಸಿದಳು. ಮೇಜಿನ ಮೇಲೆ ರಟ್ಟಿನ ಅಡ್ಡಗೋಡೆ, ಅದರಲ್ಲಿ ಎರಡು ತೂತು. ಹೀಗೆ ಕೈಯಾಡಿಸುವ ಚಿಕಿತ್ಸಕರು ಎರಡೂ ಕೈ ತೂರಿಸಿ ಅಂಗೈ ಮೇಲೆ ಮಾಡಿ ಕೂರಬೇಕು. ಎಮಿಲಿ ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಯಾವುದಾದರೊಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಿದ್ದಳು. ಯಾವ ಕೈ ಎಂದು ಅವರು ಹೇಳಬೇಕು, ಅಷ್ಟೇ. 21 ಚಿಕಿತ್ಸಕರ 280 ಪ್ರಯತ್ನಗಳಲ್ಲಿ ಸರಿಯಾದದ್ದು 123, ಅಂದರೆ ಶೇ. 44. ಸುಮ್ಮನೆ ಊಹಿಸಿದ್ದರೂ ಅರ್ಧದಷ್ಟು ಸರಿಯಾಗುತ್ತಿತ್ತು! 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಇದನ್ನು ಪ್ರಕಟಿಸಿತು. ಯಂತ್ರವಿಲ್ಲ, ಪ್ರಯೋಗಾಲಯವಿಲ್ಲ, ಕಣ್ಣಿಗೆ ಅಡ್ಡವಾಗಿ ಒಂದು ರಟ್ಟು ಸಾಕಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಹಿಗ್ಗಾಗುತ್ತದೆ.

ಉತ್ತರ 2
ಎರಡನೆಯದರ ಬಗ್ಗೆ: ಇಂಥ ನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ತೀರಾ ಹೆಚ್ಚಾದಾಗಲೇ ನಾವು ಚಿಕಿತ್ಸೆ ಹುಡುಕುವುದು. ಆಮೇಲೆ ಇಳಿದರೆ ಕೀರ್ತಿ ಕೊನೆಗೆ ಬಂದವರಿಗೆ. ಅತ್ತೆ ಮಾತ್ರೆಯನ್ನೂ ನುಂಗುತ್ತಿದ್ದರಲ್ಲವೇ?

ಉತ್ತರ 3
ಎಮಿಲಿ ಪರೀಕ್ಷಿಸಿದ್ದು 'ಥೆರಪ್ಯೂಟಿಕ್ ಟಚ್' ಎಂಬ, ಮೈಮುಟ್ಟದೆ ಕೈಯಾಡಿಸುವ ಪದ್ಧತಿಯವರನ್ನು. ಇವರದು ಬೇರೆ ಪದ್ಧತಿ ಇರಬಹುದಲ್ಲ?

ಉತ್ತರ 1 ಬರೆದವರು
ನ್ಯಾಯವಾದ ಮಾತು. ಆದ್ದರಿಂದ ಇವರನ್ನೇ ಕೇಳಿ: ಕಾಣದ ಕೈಯನ್ನು ಗುರುತಿಸಬಲ್ಲಿರಾ? ಎಷ್ಟು ಸಲ ತಪ್ಪಿದರೆ ಸೋತಂತೆ? ಉತ್ತರವನ್ನು ಪರೀಕ್ಷೆಗೆ ಮೊದಲೇ ಬರೆಸಿಕೊಳ್ಳಿ. ಸೋತ ಬಳಿಕ 'ಇಂದು ವಾತಾವರಣ ಸರಿಯಿರಲಿಲ್ಲ' ಎಂಬ ಮಾತು ಬಂದರೆ, ಆ ಹೇಳಿಕೆಯನ್ನು ಯಾವ ಫಲಿತಾಂಶವೂ ಅಲುಗಿಸಲಾರದು.

ಪ್ರಶ್ನೆ ಕೇಳಿದವರು
ಅತ್ತೆಯ ಜೊತೆ ಮಾತನಾಡಿದೆ. ವೈದ್ಯರನ್ನು ಕೇಳದೆ ಮಾತ್ರೆ ಬಿಡುವುದಿಲ್ಲ ಎಂದು ಒಪ್ಪಿದರು. ರಟ್ಟಿನ ಪರೀಕ್ಷೆಯ ಕಥೆ ಕೇಳಿ, 'ನಾನೇ ನಾಣ್ಯ ಚಿಮ್ಮುತ್ತೇನೆ' ಎಂದಿದ್ದಾರೆ.